ಪಾಟಿಯ ಮೇಲೆ ಟೇಕ್ ಇನ್

ನನ್ನ ಮಾವನವರು ನನ್ನೊಡನೆ ಆಡಿದ ಮೊದಲ ಮಾತು ಬಾಯಿಂದ ಬಂದದ್ದಲ್ಲ, ಪಾಟಿಯ ಮೇಲೆ ಬಳಪದಿಂದ ಬರೆದದ್ದು. ಅದೂ ಇಂಗ್ಲಿಷಿನಲ್ಲಿ. ನಾನು ಮದುವೆಯಾಗಿ ಧಾರವಾಡದ ಕಡೆಯಿಂದ ಮುಂಬಯಿಗೆ ಬಂದು ಆಗಲೇ ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಸಯನ್‌ನ ಎರಡೇ ಕೋಣೆಗಳಲ್ಲಿ, ಅವರು ಕೆಮ್ಮಿದರೆ ನನಗೆ ಕೇಳುವಷ್ಟು, ನಾನು ಒಗ್ಗರಣೆ ಹಾಕಿದರೆ ಅವರು ಸೀನುವಷ್ಟು ಹತ್ತಿರದಲ್ಲಿ ಇದ್ದೆವು; ಒಂದು ಮಾತನ್ನೂ ಆಡಿರಲಿಲ್ಲ. ಜಗಳವೇನೂ ಇರಲಿಲ್ಲ. ನಮ್ಮ ಮನೆತನಗಳಲ್ಲಿ ಸೊಸೆಯಾದವಳು ಮಾವನ ಎದುರು ಕೂಡುವುದಿಲ್ಲ, ತಲೆಯ ಮೇಲಿನ ಸೆರಗು ಜಾರಗೊಡುವುದಿಲ್ಲ, ನೇರವಾಗಿ ಮಾತನಾಡುವುದಿಲ್ಲ. ಊರಿನ ಮನೆಯಲ್ಲಿ ಇದನ್ನು ಪಾಲಿಸುವುದು ಕಷ್ಟವಲ್ಲ. ಪಡಸಾಲೆ, ನಡುಮನೆ, ಹಿತ್ತಲು ಎಂದು ಮರೆಯಾಗಲು ಬೇಕಾದಷ್ಟು ಜಾಗವಿರುತ್ತದೆ. ಸಯನ್‌ನಲ್ಲಿ ನನಗಿದ್ದದ್ದು ಅಡುಗೆಮನೆಯ ಬಾಗಿಲಿನ ಒಂದು ಕದ. ಅದರ ಹಿಂದೆ ನಿಂತುಕೊಳ್ಳುತ್ತಿದ್ದೆ.

ನಡುವೆ ಅತ್ತೆ. "ಚಹಾ ಇನ್ನೊಂದು ಕಪ್ ಬೇಕಂತೇನು ಕೇಳ್ರಿ ಅತ್ತಿ" ಎಂದು ನಾನು ಮೆಲ್ಲಗೆ ಹೇಳುವೆ. ಮಾವನವರು ಮೂರು ಮೊಳ ಆಚೆ ಕುರ್ಚಿಯ ಮೇಲೆ ಕೂತು ಅದನ್ನು ಕೇಳಿಸಿಕೊಂಡಿರುತ್ತಾರೆ. ಆದರೂ ಅತ್ತೆ ಸೊಲ್ಲೆತ್ತಿ, "ಚಹಾ ಬೇಕೇನ್ರಿ?" ಎನ್ನಬೇಕು. "ಅರ್ಧ ಕಪ್ ಸಾಕಂತ ಹೇಳು" ಎಂದು ಅವರು ಅತ್ತೆಗೆ ಹೇಳಬೇಕು. ಅಷ್ಟರಲ್ಲಿ ನಾನು ಅರ್ಧ ಕಪ್ಪು ಸುರಿದಿರುತ್ತಿದ್ದೆ.

ಆ ವರ್ಷ ಮಳೆಗಾಲ ಶುರುವಾದಾಗ ನನ್ನ ಯಜಮಾನರಿಗೆ ಪ್ಲೂರಸಿ, ಎದೆಯ ಪಕ್ಕೆಯಲ್ಲಿ ನೀರು ತುಂಬುವ ಬೇನೆ, ಆಯಿತು. ಮುಂಬಯಿಯ ಫೋರ್ಟ್ ಭಾಗದಲ್ಲಿ ಬಟ್ಟೆಯ ಕಂಪನಿಯೊಂದರಲ್ಲಿ ಅವರ ಕೆಲಸ, ದಿನಕ್ಕೆ ಹತ್ತು ಸಲ ನಾಲ್ಕು ಮಾಳಿಗೆ ಹತ್ತಿ ಇಳಿಯುವುದು. ಡಾಕ್ಟರು ಪಕ್ಕೆಯಿಂದ ನೀರು ತೆಗೆದು, ವಾರಕ್ಕೆರಡು ಸೂಜಿ ಹಚ್ಚಿ, ಸಂಕ್ರಾಂತಿಯವರೆಗೆ ಮೆಟ್ಟಿಲು ಹತ್ತಕೂಡದು, ಲೋಕಲ್ ಗಾಡಿಯ ಗದ್ದಲದಲ್ಲಿ ನಿಲ್ಲಕೂಡದು ಎಂದರು. ಕಂಪನಿಯವರು ಒಳ್ಳೆಯವರು, ಜಾಗ ಕಾದಿರಿಸುತ್ತೇವೆ ಎಂದು ಪತ್ರ ಕೊಟ್ಟರು. ಸಂಬಳ ಮಾತ್ರ ರಜೆ ಇರುವಷ್ಟು ದಿನ. ರಜೆ ಗಣಪತಿ ಹಬ್ಬಕ್ಕೆ ಮುಗಿಯುತ್ತಿತ್ತು. ಮಾವನವರ ಪೆನ್ಶನ್ ಊರಿನಲ್ಲಿ ಒಂದು ಮನೆ ನಡೆಸುವಷ್ಟಿತ್ತು, ಮುಂಬಯಿಯಲ್ಲಿ ಅಲ್ಲ. ಹಬ್ಬದೊಳಗೆ ಏನೂ ದಾರಿಯಾಗದಿದ್ದರೆ ಎಲ್ಲರೂ ಊರಿಗೆ ಹೋಗುವುದು ಎಂದು ಮಾತಾಗಿತ್ತು. ಹೋದರೆ ಡಾಕ್ಟರ ಸೂಜಿ ಅರ್ಧಕ್ಕೆ ನಿಲ್ಲುತ್ತಿತ್ತು. ಮುಂಬಯಿಯಲ್ಲಿ ಒಮ್ಮೆ ಬಿಟ್ಟ ಕೋಣೆ ಮತ್ತೆ ಸಿಗುವುದಿಲ್ಲ, ಕೋಣೆ ಇಲ್ಲದೆ ನೌಕರಿಗೆ ಮರಳುವುದು ಹೇಗೆ? ಯಜಮಾನರು ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಇಪ್ಪತ್ತೇಳು ವರ್ಷದ ಮನುಷ್ಯ.

ಸಾಲು ಕೋಣೆಗಳ ಮುಂದೆ ಹಾಯುವ ನಮ್ಮ ಗ್ಯಾಲರಿಯ ಕೊನೆಯ ಕೋಣೆಯಲ್ಲಿ ಉಡುಪಿ ಕಡೆಯ ಒಬ್ಬಾಕೆ ಇದ್ದರು. ಅವರ ಯಜಮಾನರು ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ದುಡ್ಡು ಎಣಿಸಿಕೊಳ್ಳಲು ಗಲ್ಲೆಯ ಮೇಲೆ ಕೂಡುವವರು. ಈಕೆ ಮನೆಯಲ್ಲೇ ಮಶೀನು ಇಟ್ಟುಕೊಂಡು ಇಡೀ ಬಿಲ್ಡಿಂಗಿನ ರವಿಕೆ ಹೊಲಿಯುತ್ತಿದ್ದರು. ನಾವೆಲ್ಲ ಅವರನ್ನು ಹೊಲಿಗೆಯ ಅಕ್ಕ ಎನ್ನುತ್ತಿದ್ದೆವು. ಒಂದು ಬೆಳಿಗ್ಗೆ ನಳದ ಹತ್ತಿರ ಕೊಡ ಹಿಡಿದು ನಿಂತಾಗ ಅವರೇ ಸುದ್ದಿ ತೆಗೆದರು.

"ನೀವು ಮುಲ್ಕಿ ಪಾಸ್ ಅಲ್ವಾ? ನನ್ನ ಮಗಳ ಕನ್ನಡ ಶಾಲೆಯಲ್ಲಿ ಒಬ್ಬರು ಟೀಚರ್ ಹೆರಿಗೆಗೆ ಹೋಗ್ತಾರೆ. ಚೌತಿ ಆದ ಮೇಲೆ ಆರು ತಿಂಗಳಿಗೆ ಒಬ್ಬರು ಬೇಕಂತೆ."

"ನನ್ನ ಯಾರು ತಗೋತಾರ ಅಕ್ಕಾರ?"

"ಕೇಳದೆ ಹೇಗೆ ಗೊತ್ತಾಗುದು ಮಾರಾಯ್ತಿ? ಆದ್ರೆ ಒಂದು ಉಂಟು. ದೊಡ್ಡ ಕ್ಲಾಸಿನವರಿಗೆ ಸ್ವಲ್ಪ ಇಂಗ್ಲಿಷ್ ಹೇಳಿಕೊಡ್ಬೇಕು. ಇಂಟರ್‌ವ್ಯೂ ಎಲ್ಲ ಇಂಗ್ಲಿಷಲ್ಲೇ ಅಂತೆ."

ಮುಲ್ಕಿ ಎಂದರೆ ಆಗ ನಮ್ಮ ಕಡೆ ಕನ್ನಡ ಏಳನೆಯ ಇಯತ್ತೆಯ ಪರೀಕ್ಷೆ. ಅದು ಪಾಸಾದವರು ಪ್ರಾಥಮಿಕ ಶಾಲೆಯಲ್ಲಿ ಕಲಿಸಬಹುದಿತ್ತು. ಇಂಗ್ಲಿಷ್ ಎಂದರೆ ನನಗೆ ಅಕ್ಷರ ಬರುತ್ತಿತ್ತು, ಅಣ್ಣನ ಹಳೆಯ ಪುಸ್ತಕದಿಂದ ಕಲಿತ ನಾಲ್ಕು ಪಾಠ ಬರುತ್ತಿತ್ತು, ಅಷ್ಟೇ. ಕೊಡ ಇಳಿಸಿ ಬಂದು ಯಜಮಾನರಿಗೆ ಹೇಳಿದೆ. ಅವರು ಎಷ್ಟೋ ದಿನದ ಮೇಲೆ ಗೋಡೆಯಿಂದ ಈ ಕಡೆ ಹೊರಳಿದರು. ಅವರು ತಾಯಿಗೆ ಹೇಳಿದರು, ತಾಯಿ ತಂದೆಗೆ ಹೇಳಿದರು. ಮಾವನವರು ಕೊಡೆ ತೆಗೆದುಕೊಂಡು ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಹಾಲಿನ ಬಾಟಲಿ ತರಲು ಎದ್ದು ನೋಡಿದರೆ ಅಡುಗೆಮನೆಯ ಕದಕ್ಕೆ ಹೊಸ ಮೊಳೆ, ಮೊಳೆಗೆ ಹೊಸ ಪಾಟಿ. ಮಕ್ಕಳು ಶಾಲೆಗೆ ಒಯ್ಯುವಂಥ ಕಟ್ಟಿಗೆಯ ಚೌಕಟ್ಟಿನ ಪಾಟಿ. ದಾರಕ್ಕೆ ಬಳಪ ಕಟ್ಟಿತ್ತು. ಮೇಲೆ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, "ವಾಟ್ ಡು ಯು ನೋ?" ಏನು ಗೊತ್ತಿದೆ ನಿನಗೆ ಎಂದು. ಅರ್ಥ ಮಾಡಿಕೊಳ್ಳಲು ಹಾಲು ಕಾಯುವಷ್ಟು ಹೊತ್ತು ಹಿಡಿಯಿತು. ಕೆಳಗೆ ಕನ್ನಡದಲ್ಲಿ "ಏನೂ ಗೊತ್ತಿಲ್ಲ" ಎಂದು ಬರೆದು ಒಳಗೆ ಓಡಿದೆ. ಸ್ವಲ್ಪ ಹೊತ್ತಿಗೆ ಬಂದು ನೋಡಿದರೆ ನನ್ನ ಸಾಲು ಅಳಿಸಿತ್ತು. "ಇಂಗ್ಲಿಷಿನಲ್ಲಿ ಬರೆ" ಎಂದಿತ್ತು, ಅದೂ ಇಂಗ್ಲಿಷಿನಲ್ಲಿ.

ಹಾಗೆ ಶುರುವಾಯಿತು. ಮಾವನವರು ಜಿಲ್ಲಾ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದವರು. ಮೂವತ್ತು ವರ್ಷ ಬೇರೆ ಬೇರೆ ಸಾಹೇಬರ ಕೈಕೆಳಗೆ ಟಿಪ್ಪಣಿ ಬರೆದವರು. ಕಿಸೆಯಲ್ಲಿ ಒಂದು ಉದ್ದನೆಯ ವಹಿ ಇಟ್ಟುಕೊಂಡು ಸಾಹೇಬರು ಬಳಸಿದ ಮಾತುಗಳನ್ನು ಗುರುತು ಹಾಕಿಕೊಂಡಿದ್ದರಂತೆ. ನಿಘಂಟು ನಮ್ಮ ಮನೆಯಲ್ಲಿ ಇರಲಿಲ್ಲ, ಆ ವಹಿಯೇ ನಿಘಂಟು. ನಸುಕಿನಲ್ಲಿ ಅವರು ಪಾಟಿಯ ಮೇಲೆ ಬರೆದು ವಾಕಿಂಗ್ ಹೋಗುವರು. ನಾನು ಜೋಳದ ಭಕ್ಕರಿ ಬಡಿಯುತ್ತ, ಕೈ ಒರೆಸಿಕೊಂಡು ಒಂದೊಂದು ಸಾಲು ಬರೆಯುವೆ. ಹಿಟ್ಟಿನ ಕೈ ತಾಗಿ ಪಾಟಿಯ ಚೌಕಟ್ಟು ಬಿಳಿಯಾಗಿತ್ತು. ಸಂಜೆ ಅವರು ತಿದ್ದುವರು. ಬೈಗುಳವಿಲ್ಲ, ಶಹಬ್ಬಾಸ್ ಇಲ್ಲ. ಸರಿ ಇದ್ದರೆ ಸಣ್ಣ ಗೆರೆ, ತಪ್ಪಿದ್ದರೆ ಅಳಿಸಿದ ಜಾಗ.

ಮೊದಲ ಎರಡು ವಾರ ಪಾತ್ರೆ ಪಡಗದ ಹೆಸರು, ದಿನ, ವಾರ, ನೆಂಟಸ್ತಿಕೆ. ಆಮೇಲೆ ಒಂದು ದಿನ ಅತ್ತೆಯನ್ನು ಕರೆದು, "ದೊಡ್ಡ ದೊಡ್ಡ ಶಬ್ದಕ್ಕ ಅಂಜಬ್ಯಾಡಂತ ಹೇಳಾಕಿಗೆ. ಅವು ಆನಿ ಇದ್ದಂಗ, ದೂರಿಂದ ಕಾಣ್ತಾವು. ಇಂಗ್ಲೀಷನವರು ಸಣ್ಣವು ಎರಡು ಶಬ್ದ ಜೋಡಿಸಿ ಬಿಟ್ಟಿರ್ತಾರಲ್ಲ, ಅಲ್ಲಿ ಕಾಲು ಎಡವೋದು" ಎಂದರು. ಅತ್ತೆ ಅಡುಗೆಮನೆಗೆ ಬಂದು, "ಆನಿ ಅಂತ. ಏನೋ ಕಾಲು ಎಡವತೈತಂತ. ನೋಡಿ ನಡಿ" ಎಂದು ಮುಟ್ಟಿಸಿದರು.

ಆ ಜೋಡಿ ಮಾತುಗಳಿಗೆ ಅವರದೊಂದು ಪದ್ಧತಿ. ಪಾಟಿಯ ನೆತ್ತಿಯ ಮೇಲೆ ಜೋಡಿ ಮಾತು. ಎಡಗಡೆ ಅದಕ್ಕಿರುವ ಅರ್ಥಗಳಿಗೆ ಒಂದು, ಎರಡು, ಮೂರು ಎಂದು ಅಂಕಿ. ಪ್ರತಿ ಅಂಕಿಯ ಮುಂದೆ ಅದೇ ಅರ್ಥ ಕೊಡುವ ಒಂದೇ ಶಬ್ದ ಇಂಗ್ಲಿಷಿನಲ್ಲಿ ಅವರು ಬರೆಯುವರು. ಅದಕ್ಕೆ ಕನ್ನಡ ನಾನು ಹುಡುಕಬೇಕು, ಒಂದು ವಾಕ್ಯ ಮಾಡಬೇಕು. ವಾಕ್ಯ ಪುಸ್ತಕದ್ದಾಗಕೂಡದು, ಊಹೆಯದ್ದಾಗಕೂಡದು. ಅಂದಂದು ಮನೆಯಲ್ಲಿ ನಡೆದದ್ದೇ ಆಗಬೇಕು. ಏನೂ ನಡೆಯದಿದ್ದರೆ ಆ ಅಂಕಿ ಹಾಗೇ ಖಾಲಿ, ನಡೆಯುವವರೆಗೆ ಕಾಯಬೇಕು. ಇದು ಕಚೇರಿಯ ಶಿಸ್ತು ಎಂದು ಆಗ ಅನಿಸಿತ್ತು. ಕಂಡದ್ದನ್ನಷ್ಟೇ ಬರೆ, ಕೇಳಿದ್ದನ್ನು ಕಂಡಂತೆ ಬರೆಯಬೇಡ ಎಂಬ ಶಿಸ್ತು.

ಟೇಕ್ ಇನ್ ಎಂಬುದು ಶ್ರಾವಣದ ಮೊದಲ ಸೋಮವಾರ ಪಾಟಿಗೆ ಬಂತು. ಆರು ಅಂಕಿ. ಟೇಕ್ ಎಂದರೆ ತಗೋ, ಇನ್ ಎಂದರೆ ಒಳಗೆ. ಇದರಲ್ಲಿ ಆರೇನಿದೆ ಎಂದುಕೊಂಡೆ. ಮೂರು ವಾರ ಅದು ಪಾಟಿ ಬಿಟ್ಟು ಇಳಿಯಲಿಲ್ಲ.

ಒಂದನೆಯದು ಸುಲಭ, ಹೊರಗಿದ್ದದ್ದನ್ನು ಒಳಗೆ ತರುವುದು. ಗ್ಯಾಲರಿಯ ತಂತಿಯ ಮೇಲೆ ಬಟ್ಟೆ ಒಣಹಾಕಿ ಅನ್ನಕ್ಕಿಡುವಷ್ಟರಲ್ಲಿ ಮಳೆ. ಓಡಿ ಹೋಗಿ ತಂದು, ಮಂಚದ ಕಾಲಿಗೂ ಕುರ್ಚಿಯ ಬೆನ್ನಿಗೂ ಹಗ್ಗ ಕಟ್ಟಿ ಹರವಿ, ಅದನ್ನೇ ಬರೆದೆ. ಗೆರೆ ಬಿತ್ತು.

ಎರಡನೆಯದು ಬಟ್ಟೆ ಬಿಗಿ ಮಾಡುವುದು, ನಮ್ಮ ಕಡೆಯ ಮಾತಿನಲ್ಲಿ ಹಿಡಿಸುವುದು. ಆ ವಾರ ಹೊಲಿಗೆಯ ಅಕ್ಕ ನನ್ನ ರವಿಕೆ ಹಿಡಿಸಿಕೊಟ್ಟಿದ್ದರು. ಆದರೆ ಮಾವನವರು ಓದುವ ಪಾಟಿಯ ಮೇಲೆ ರವಿಕೆ ಎಂದು ಬರೆಯುವುದು ಹೇಗೆ? ಅರ್ಧ ದಿನ ಯೋಚಿಸಿದೆ. ಕೊನೆಗೆ ಅದೇ ಗಂಟಿನಲ್ಲಿದ್ದ ಇನ್ನೊಂದು ಸಂಗತಿ ಬರೆದೆ. ಯಜಮಾನರ ಮೂರು ಅಂಗಿಗಳನ್ನೂ ಅಕ್ಕ ಎರಡೂ ಬದಿಗೆ ಹಿಡಿಸಿದ್ದರು, ಅವರು ಅಷ್ಟು ಸೊರಗಿದ್ದರು. "ನನ್ನ ಗಂಡನ ಅಂಗಿಗಳನ್ನು ನಿನ್ನೆ ಟೇಕ್ ಇನ್ ಮಾಡಿದರು" ಎಂದು ಇಂಗ್ಲಿಷಿನಲ್ಲಿ ಸರಿಯಾಗಿಯೇ ಬರೆದಿದ್ದೆ. ಆ ಸಂಜೆ ಗೆರೆಯೂ ಬೀಳಲಿಲ್ಲ, ಅಳಿಸಿಯೂ ಇರಲಿಲ್ಲ. ಮಾವನವರು ಪಾಟಿಯ ಮುಂದೆ ಬಹಳ ಹೊತ್ತು ನಿಂತಿದ್ದರೆಂದು ಅತ್ತೆ ಹೇಳಿದರು.

ಮೂರನೆಯದು, ಮನೆಯಲ್ಲಿ ಇರಗೊಡುವುದು. ಅದಕ್ಕೆ ಕಾಯಬೇಕಾಗಲಿಲ್ಲ. ಮುಂಬಯಿಯಲ್ಲಿ ಒಂದು ಕೋಣೆ ಇದ್ದವರ ಮನೆಗೆ ಊರಿಂದ ಯಾರಾದರೂ ಬರುತ್ತಲೇ ಇರುತ್ತಾರೆ. ವಿಜಾಪುರದ ಕಡೆಯ ದೂರದ ಬೀಗರೊಬ್ಬರು ಕಣ್ಣಿನ ಡಾಕ್ಟರಿಗೆ ತೋರಿಸಲು ಬಂದು, ಟ್ರಂಕು ಮಂಚದ ಕೆಳಗೆ ಸರಿಸಿ ನಾಲ್ಕು ದಿನ ಗ್ಯಾಲರಿಯಲ್ಲಿ ಚಾಪೆ ಹಾಕಿಕೊಂಡರು. ಹೋಗುವಾಗ ಶೇಂಗಾ ಚಟ್ನಿಯ ಡಬ್ಬಿ ಬಿಟ್ಟುಹೋದರು. ಡಬ್ಬಿಯನ್ನೂ ವಾಕ್ಯದಲ್ಲಿ ಸೇರಿಸಿದೆ. "ಡಬ್ಬಿ ಬೇಕಾಗಿಲ್ಲ" ಎಂದು ಪಕ್ಕದಲ್ಲಿ ಬರೆದಿದ್ದರು.

ನಾಲ್ಕನೆಯದು, ಮೋಸಗೊಳಿಸುವುದು. ಒಳಗೆ ತಗೊಳ್ಳುವುದಕ್ಕೂ ಮೋಸಕ್ಕೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಮೋಸ ಮಾಡುವವರಲ್ಲ, ಹೀಗಾಗಿ ಆ ಅಂಕಿ ಎಂಟು ದಿನ ಖಾಲಿ ಉಳಿಯಿತು. ಒಂಬತ್ತನೆಯ ದಿನ ಮಧ್ಯಾಹ್ನ ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬುಟ್ಟಿ ಹೊತ್ತು ಗ್ಯಾಲರಿಗೆ ಬಂದಳು. ಅತ್ತೆ ಅವಳೊಡನೆ ಅರ್ಧ ತಾಸು ಚೌಕಾಸಿ ಮಾಡಿ, ಎರಡು ಹಳೆಯ ಧೋತರ, ಒಂದು ಕೋಟು ಕೊಟ್ಟು ಹಿತ್ತಾಳೆಯ ಚರಿಗೆ ಗೆದ್ದುಕೊಂಡರು. "ಈ ಮುಂಬೈಯಾಗ ನನ್ನ ಕೂಡ ವ್ಯವಹಾರ ಮಾಡೋದು ಸುಮ್ನಲ್ಲ" ಎಂದು ಎಲ್ಲರಿಗೂ ತೋರಿಸಿ ಬಂದರು. ಸಂಜೆ ಅದರಲ್ಲಿ ಬಿಸಿನೀರು ಹಾಕಿದೆ. ತಳದಲ್ಲಿ ತೂತಿತ್ತು, ಅದಕ್ಕೆ ಮೇಣ ತುಂಬಿ ಮೇಲೆ ಬಣ್ಣ ಹಚ್ಚಿದ್ದರು. ಮೇಣ ಕರಗಿ ನೀರೆಲ್ಲ ನನ್ನ ಕಾಲ ಮೇಲೆ.

ಅದನ್ನು ಬರೆಯಬೇಕೋ ಬೇಡವೋ? ಎಂಟು ದಿನ ಕಾದ ಅಂಕಿ. ಬರೆದೇಬಿಟ್ಟೆ. ಮಾವನವರು ಓದಿ, ಶಲ್ಯದ ಚುಂಗು ಬಾಯಿಗೆ ಹಿಡಿದು, ತಡೆಯಲಾಗದೆ ನಕ್ಕರು. ನಗುವುದನ್ನು ನಾನು ಕದದ ಹಿಂದಿನಿಂದ ಮೊದಲ ಸಲ ಕೇಳಿದೆ.

"ಯಾಕ ನಗತೀರಿ? ಏನ ಬರದಾಳ ಆಕಿ?" ಅತ್ತೆ ಎದ್ದು ಬಂದರು.

"ಏನಿಲ್ಲ. ಪಾಠ."

"ಪಾಠ ಓದಿ ಯಾರರೆ ಹೊಟ್ಟಿ ಹಿಡ್ಕೊಂಡು ನಗತಾರೇನು? ಚರಿಗಿದು ಹೌದಲ್ಲೋ?"

"ಚರಿಗಿದ."

"ನನ್ನ ಹೆಸರು ಹಾಕ್ಯಾಳೇನು ಅದರಾಗ?"

"ಹೆಸರಿಲ್ಲ. ಮದರ್ ಇನ್ ಲಾ ಅಂತೈತಿ."

"ಹಂಗಂದ್ರ?"

"ಅತ್ತಿ."

ಮಂಚದ ಮೇಲಿಂದ ಯಜಮಾನರೂ ನಗತೊಡಗಿದರು, ನಕ್ಕು ಪಕ್ಕೆ ಹಿಡಿದುಕೊಂಡರು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಒಳಗೆ ಬಂದರು. ನಾನು ಒಲೆಯ ಕಡೆಗೆ ತಿರುಗಿ ನಿಂತೆ.

"ಇಂಗ್ಲೀಷನ್ಯಾಗ ಬರದ್ರ ಮುದುಕಿಗೆ ತಿಳಿಯಾಂಗಿಲ್ಲ ಅಂತ ಮಾಡಿದೇನು?" ತೂತು ಬಿದ್ದ ಚರಿಗೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಬರಿ, ಬರಿ. ನಿನಗ ನೌಕರಿ ಸಿಗತೈತಿ ಅಂದ್ರ ಇನ್ನೂ ಹತ್ತು ಸಲ ಮೋಸ ಹೋಗ್ತೀನಿ. ನನ್ನ ಮಗ ನಕ್ಕು ಎಷ್ಟು ದಿನಾ ಆಗಿತ್ತು."

ಐದನೆಯದು ತಿಳಿದುಕೊಳ್ಳುವುದು, ಮನಸ್ಸಿಗೆ ಹತ್ತಿಸಿಕೊಳ್ಳುವುದು. ಆರನೆಯದು ಒಂದೇ ನೋಟಕ್ಕೆ ಎಲ್ಲವನ್ನೂ ಕಂಡುಕೊಳ್ಳುವುದು. ಐದಕ್ಕೆ ಡಾಕ್ಟರು ಹೇಳಿದ್ದು ಬರೆದೆ. ಅವರು ಅರ್ಧ ಮರಾಠಿ, ಅರ್ಧ ಇಂಗ್ಲಿಷಿನಲ್ಲಿ ಬಡಬಡ ಹೇಳಿದ್ದರಲ್ಲಿ ನಮಗೆ ಹತ್ತಿದ್ದು "ಮೆಟ್ಟಿಲು ಬೇಡ" ಎಂಬುದೊಂದೇ. ಆರಕ್ಕೆ ಉದಾಹರಣೆ ಸಿಗುವುದರೊಳಗೆ ನಾನು ಕಳಿಸಿದ್ದ ಅರ್ಜಿಗೆ ಶಾಲೆಯಿಂದ ಕಾರ್ಡು ಬಂತು. ಗಣಪತಿ ಹಬ್ಬಕ್ಕೆ ಹತ್ತು ದಿನ ಮೊದಲು ಇಂಟರ್‌ವ್ಯೂ.

ಕಾರ್ಡು ನೋಡಲು ಬಂದ ಹೊಲಿಗೆಯ ಅಕ್ಕ ಪಾಟಿಯನ್ನು ಮೇಲಿಂದ ಕೆಳಗೆ ನೋಡಿದರು.

"ಬರೆಯುದು ಭಾರೀ ಚಂದ ಆಯ್ತು. ಮಾತಾಡ್ಲಿಕ್ಕೆ ಬರ್ತದಾ? ಅಲ್ಲಿ ಪಾಟಿ ಕೊಡುದಿಲ್ಲ ಮಾರಾಯ್ತಿ."

ನಮ್ಮ ಯಾರಿಗೂ ಇದು ಹೊಳೆದೇ ಇರಲಿಲ್ಲ. ಎರಡು ತಿಂಗಳು ಇಂಗ್ಲಿಷು ನನ್ನ ಕೈಯಲ್ಲಿತ್ತು, ಕಣ್ಣಲ್ಲಿತ್ತು. ಬಾಯಿಗೆ ಒಂದು ಶಬ್ದವೂ ಬಂದಿರಲಿಲ್ಲ. ಮಾವನವರು ಹೊರಗಿನ ಕೋಣೆಯಲ್ಲಿ ಕನ್ನಡಕ ತೆಗೆದು ಒರೆಸುತ್ತ ಕೂತುಬಿಟ್ಟರು. ಕದದ ಈ ಕಡೆ ನಾನು, ಆ ಕಡೆ ಅವರು, ನಡುವೆ ಅತ್ತೆ. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲವಾದ್ದರಿಂದ ಆ ಮಾತನ್ನು ದಾಟಿಸಲು ಅವರಿಂದ ಸಾಧ್ಯವಿರಲಿಲ್ಲ.

ಕೊನೆಗೆ ಅತ್ತೆಯೇ ಸಿಡುಕಿದರು. "ಇಬ್ಬರೂ ಹಿಂಗ ಕುಂತ್ರ ಹ್ಯಾಂಗ? ಮಾತಾಡ್ರಿ ನೀವು ನೀವ. ನಾನೇನು ಬ್ಯಾಡ ಅಂದೇನೇನು? ಎರಡು ವರ್ಷ ನಡುವ ಪೋಸ್ಟಮನ್ ಆಗಿ ನನ್ನ ಕಾಲು ಸವದಾವು."

ಹೇಳಿದಷ್ಟು ಸುಲಭವಾಗಿರಲಿಲ್ಲ. ಆ ಸಂಜೆ ನಾನು ಹೊಸ್ತಿಲ ಮೇಲೆ ನಿಂತೆ. ಮಾವನವರು "ವಾಟ್ ಡಿಡ್ ಯು ಕುಕ್ ಟುಡೇ?" ಎಂದು ನೆಲ ನೋಡಿ ಕೇಳಿದರು. ಉತ್ತರ ನನ್ನ ತಲೆಯಲ್ಲಿ ಪಾಟಿಯ ಮೇಲೆ ಬರೆದಷ್ಟು ಸ್ಪಷ್ಟವಾಗಿತ್ತು. ತುಟಿ ಎರಡಾಗಲಿಲ್ಲ. ಅವರ ಕಿವಿ ಕೆಂಪಾಗಿತ್ತು. ಮರುದಿನವೂ ಅದೇ. ಮೂರನೆಯ ದಿನ ಅವರು ತಮ್ಮ ಕುರ್ಚಿಯನ್ನು ಎತ್ತಿ ತಿರುಗಿಸಿ, ಗ್ಯಾಲರಿಯ ಬಾಗಿಲಿಗೆ ಮುಖ ಮಾಡಿ, ನನಗೆ ಬೆನ್ನು ಹಾಕಿ ಕೂತರು. ಆಂಟಾಪ್ ಹಿಲ್ ಕಡೆಯ ಆಕಾಶ ನೋಡುತ್ತ ಅದೇ ಪ್ರಶ್ನೆ ಕೇಳಿದರು.

ಅವರ ಬಿಳಿಯ ಅಂಗಿಯ ಬೆನ್ನಿಗೆ ನಾನು "ಐ ಕುಕ್ಡ್ ರೈಸ್" ಎಂದೆ. ನನ್ನ ದನಿ ನನಗೇ ಪರಕೀಯ ಅನಿಸಿತು.

"ಅಂಡ್?" ಎಂದಿತು ಬೆನ್ನು.

ಹೀಗೆ ಇಂಟರ್‌ವ್ಯೂ ದಿನದವರೆಗೆ ನಾನು ಆ ಬೆನ್ನಿನೊಡನೆ ಮಾತನಾಡಿದೆ. ಟೇಕ್ ಇನ್‌ನ ಐದೂ ಸಂಗತಿಗಳನ್ನು ಬಾಯಲ್ಲಿ ಹೇಳಿದೆ. ಗ್ಯಾಲರಿಯಲ್ಲಿ ಹೋಗುವವರು ನಿಂತು ನೋಡುವರು. ಎದುರು ಕೋಣೆಯ ಬೆಳಗಾವಿಯ ವ್ಯಾಪಾರಿಯೊಬ್ಬರು, "ಏನ್ರಿ ಅಜ್ಜಾರ, ಮನಿಯವರೆಲ್ಲರ ಮ್ಯಾಲ ಸಿಟ್ಟೇನು, ಹೊರಗ ಮುಖ ಹಾಕಿ ಕುಂತೀರಿ?" ಎಂದು ಚಾಷ್ಟಿ ಮಾಡಿದರು. "ಗಾಳಿ ಬೇಕಾಗೈತಿ" ಎಂದರು ಮಾವನವರು.

ಶಾಲೆಗೆ ಅವರೇ ಕರೆದುಕೊಂಡು ಹೋದರು, ಹತ್ತು ಹೆಜ್ಜೆ ಮುಂದೆ ನಡೆಯುತ್ತ, ಮೋರಿ ಬಂದಲ್ಲಿ ಕೊಡೆಯಿಂದ ನೆಲ ಬಡಿದು ನನಗೆ ಸೂಚನೆ ಕೊಡುತ್ತ. ಹೊರಗಿನ ಉದ್ದನೆಯ ಕಟ್ಟಿಗೆಯ ಬಾಕಿನ ಮೇಲೆ ಅವರು ಕೂತರು, ನಾನು ಒಳಗೆ ಹೋದೆ. ಅದೊಂದು ತರಗತಿಯ ಕೋಣೆ. ಮೂವರಿದ್ದರು. ನಡುವೆ ಮುಖ್ಯೋಪಾಧ್ಯಾಯಿನಿ, ಮೈಸೂರು ಕಡೆಯ ಮಾತಿನವರು, ನರೆತ ತಲೆಯ ಸಣ್ಣ ಹೆಂಗಸು. ಒಂದು ಬದಿಗೆ ಸಮಿತಿಯ ಹಿರಿಯರು, ಕರಿಯ ಟೊಪ್ಪಿಗೆ, ನಮ್ಮ ಕಡೆಯವರೇ. ಇನ್ನೊಂದು ಬದಿಗೆ ದಪ್ಪ ಮೈಯ ಒಬ್ಬರು, ಕಪ್ಪಿನಿಂದ ಬಸಿಗೆ ಸುರಿದುಕೊಂಡು ಚಹಾ ಕುಡಿಯುವುದರಲ್ಲಿ ಮಗ್ನರು.

"ಟೆಲ್ ಅಸ್ ಸಮ್‌ಥಿಂಗ್ ಅಬೌಟ್ ಯುವರ್ ಹೋಮ್" ಎಂದರು ಮುಖ್ಯೋಪಾಧ್ಯಾಯಿನಿ. ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ.

ಮೂರು ಮುಖಗಳು ನನ್ನನ್ನೇ ನೋಡುತ್ತಿದ್ದವು. ಕೈ ತಾನಾಗಿ ಸೆರಗು ಎಳೆದುಕೊಂಡಿತು. ಕಣ್ಣು ಮರೆಗೆ ಒಂದು ಕದ ಹುಡುಕಿತು.

"ಇಂಗ್ಲೀಷ ಬರತೈತೋ ಇಲ್ಲೋ ಅಷ್ಟರೆ ಹೇಳವಾ" ಎಂದರು ಕರಿಯ ಟೊಪ್ಪಿಗೆಯವರು, ಪಟ್ಟಿಯಲ್ಲಿ ಮುಂದಿನ ಹೆಸರಿನ ಮೇಲೆ ಬೆರಳಿಟ್ಟು.

ಬೆರಳು ಕಂಡಿತು ನನಗೆ. ಆ ಬೆರಳು ಇನ್ನೊಂದು ಗಳಿಗೆ ಅಲ್ಲಿದ್ದರೆ ಮಂಚ, ಟ್ರಂಕು, ಎರಡು ಕೋಣೆ ಎಲ್ಲ ಕಟ್ಟಿ ಗಾಡಿಗೆ ಹಾಕಿದಂತೆಯೇ. ಮುಖ್ಯೋಪಾಧ್ಯಾಯಿನಿಯವರು ಮೆಲ್ಲಗೆ, "ಬರೆಯಕ್ಕೆ ಬರುತ್ತೇನಮ್ಮ? ಅಲ್ಲಿ ಬೋರ್ಡಿದೆ ನೋಡಿ" ಎಂದರು.

ಬೋರ್ಡಿನ ಹತ್ತಿರ ಹೋಗಿ ಖಡು, ಅಂದರೆ ಸೀಮೆಸುಣ್ಣ, ತೆಗೆದುಕೊಂಡೆ. ಕೈಗೆ ಗೊತ್ತಿದ್ದದ್ದನ್ನು ಕೈ ಬರೆಯಿತು. ಮೇಲೆ ಟೇಕ್ ಇನ್, ಎಡಗಡೆ ಅಂಕಿ. ಒಂದನೆಯದರ ಮುಂದೆ ಬಟ್ಟೆಯ ವಾಕ್ಯ ಬರೆಯುತ್ತಿದ್ದಾಗ, ಬರೆದದ್ದನ್ನು ನಾನು ಬಾಯಿಬಿಟ್ಟು ಹೇಳುತ್ತಿದ್ದೇನೆಂಬುದು ಗೊತ್ತಾಯಿತು. ಅವರಿಗೆ ಬೆನ್ನಾಗಿದ್ದೆ, ದನಿ ಬಂದಿತ್ತು. ಮತ್ತೆ ನಿಲ್ಲಲಿಲ್ಲ. ಬೋರ್ಡಿಗೆ ಮುಖ ಹಾಕಿಕೊಂಡು ಮಳೆ, ಅಂಗಿ, ಬೀಗರು, ಚರಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳುತ್ತ ಹೋದೆ. ಚರಿಗೆಯ ಹತ್ತಿರ ಚಹಾದವರು ಗೊಳ್ಳೆಂದು ನಕ್ಕ ಸದ್ದು ಕೇಳಿತು. "ನಮ್ಮ ಮನೆಯಲ್ಲೂ ಒಂದು ಅಂಥದ್ದೇ ಉಂಟು ಮಾರಾಯ್ರೆ!"

"ಅಲ್ಲವಾ" ಎಂದರು ಕರಿಯ ಟೊಪ್ಪಿಗೆಯವರು, ದನಿ ಏರಿಸಿ. "ಹಿರಿಯರಿಗೆ ಬೆನ್ನು ಕೊಟ್ಟು ಮಾತಾಡೋದು ಯಾವ ಪದ್ಧತಿ ಇದು? ನಿಮ್ಮ ಮನ್ಯಾಗ ಇದನ್ನ ಕಲಿಸ್ಯಾರೇನು?"

"ಹೌದ್ರಿ" ಎಂದೆ. ಬೇರೆ ಏನು ಹೇಳಲಿ? ಕನ್ನಡದಲ್ಲೇ ನಡೆದದ್ದನ್ನು ಹೇಳಿದೆ. ಕದ, ಪಾಟಿ, ತಿರುಗಿಸಿದ ಕುರ್ಚಿ. ನನಗೆ ಇಂಗ್ಲಿಷ್ ಕಲಿಸಿದವರು ಹೊರಗೆ ಬಾಕಿನ ಮೇಲೆ ಕೂತಿದ್ದಾರೆ ಎಂದೂ ಹೇಳಿದೆ. ಕರಿಯ ಟೊಪ್ಪಿಗೆಯವರು ಬಾಗಿ ಬಾಗಿಲಿನಾಚೆ ನೋಡಿದರು, ಪಟ್ಟಿಯ ಮೇಲಿನ ಬೆರಳು ತೆಗೆದರು. ಅವರ ಮನೆಯಲ್ಲೂ ಸೊಸೆಯಂದಿರು ಇದ್ದಿರಬೇಕು.

ಮುಖ್ಯೋಪಾಧ್ಯಾಯಿನಿ ಎದ್ದು ಬಂದು ಬೋರ್ಡನ್ನು ಓದಿದರು. "ಅಕ್ಷರ ಚೆನ್ನಾಗಿದೆ. ಮಕ್ಕಳಿಗೆ ಅರ್ಥವಾಗೋ ಹಾಗೆ ಬಿಡಿಸಿದ್ದೀರ. ಆದರೆ ಮಕ್ಕಳಿಗೆ ಮುಖ ತೋರಿಸಬೇಕಲ್ಲಮ್ಮ. ಈಗ ಈ ಕಡೆ ತಿರುಗಿ. ಒಂದೇ ಒಂದು ವಾಕ್ಯ ಹೇಳಿ, ಏನು ಬೇಕಾದರೂ."

ತಿರುಗಿದೆ. ಅವರ ಕನ್ನಡಕದ ನಡುವೆ ದಾರ ಸುತ್ತಿ ಕಟ್ಟಿತ್ತು. ಅದನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಹೇಳಿದೆ: "ನನ್ನ ಗಂಡನಿಗೆ ಆರೋಗ್ಯವಿಲ್ಲ. ನನಗೆ ಇಲ್ಲಿ ಕೆಲಸ ಮಾಡಬೇಕಾಗಿದೆ." ಒಂದು ಕೇಳಿದ್ದರು, ಎರಡು ಬಂದವು. ಪಾಟಿಯ ಮೇಲೆ ಅವೆರಡನ್ನೂ ನಾನು ಎಂದೂ ಬರೆದಿರಲಿಲ್ಲ.

ಹೊರಗೆ ಅರ್ಧ ತಾಸು ಕಾದೆವು, ಬಾಕಿನ ಆ ತುದಿಗೆ ಅವರು ಕೂತು, ಈ ತುದಿಗೆ ನಾನು ನಿಂತು. ಮುಖ್ಯೋಪಾಧ್ಯಾಯಿನಿಯವರೇ ಬಂದು ಹಬ್ಬ ಮುಗಿದ ಸೋಮವಾರದಿಂದ ಬರಬೇಕೆಂದರು. ಮೊದಲ ಹದಿನೈದು ದಿನ ಇಂಗ್ಲಿಷ್ ಪಾಠದ ಹೊತ್ತಿಗೆ ತಾವು ಹಿಂದಿನ ಬೆಂಚಿನಲ್ಲಿ ಕೂಡುವುದಾಗಿಯೂ, ನಾನು ತಮ್ಮ ಮುಖ ನೋಡುತ್ತ ಪಾಠ ಮಾಡಬೇಕೆಂದೂ ಹೇಳಿದರು. ಹಾಗೆಯೇ ಕೂತರು, ಒಂದು ದಿನವೂ ತಪ್ಪಿಸದೆ, ಮಕ್ಕಳ ನಡುವೆ ಮೊಣಕಾಲು ಮಡಿಸಿಕೊಂಡು. ಅವರ ಕೆಲಸಗಳ ರಾಶಿಯಲ್ಲಿ ಆ ಹೊತ್ತನ್ನು ಎಲ್ಲಿಂದ ತೆಗೆದರೋ, ಮುಂದೆ ನಾನೇ ಮುಖ್ಯೋಪಾಧ್ಯಾಯಿನಿಯಾಗಿ ಶಾಲೆ ನಡೆಸುವ ಕಷ್ಟ ಕಂಡ ಮೇಲೆ ಅದರ ಬೆಲೆ ತಿಳಿಯಿತು. ಆರು ತಿಂಗಳ ಕೆಲಸ ಒಂದಾದ ಮೇಲೊಂದು ಜಾಗ ಖಾಲಿಯಾಗಿ ಇಪ್ಪತ್ತಾರು ವರ್ಷ ನಡೆದದ್ದು ಬೇರೆ ಮಾತು. ಮನೆಯಲ್ಲಿ ಪದ್ಧತಿ ಹಾಗೇ ಉಳಿಯಿತು. ಇಂಗ್ಲಿಷಿನ ಸಂಶಯ ಕೇಳುವಾಗ ಮಾವನವರು ಕುರ್ಚಿ ತಿರುಗಿಸುವರು. ಚಹಾಕ್ಕೆ ಮಾತ್ರ ಕೊನೆಯವರೆಗೂ ಅತ್ತೆಯೇ ನಡುವೆ. ನನಗದು ಎಂದೂ ಕೊರತೆ ಅನಿಸಲಿಲ್ಲ. ಎದುರು ಕೂತು ಮಾತನಾಡಿದ ಎಷ್ಟೋ ಜನ ನನಗಾಗಿ ಅಷ್ಟು ಕಷ್ಟಪಡಲಿಲ್ಲ.

ಡಾಕ್ಟರ ಸೂಜಿಗಳು ನಿಲ್ಲಲಿಲ್ಲ. ಸಂಕ್ರಾಂತಿ ಮುಗಿದ ವಾರ ಯಜಮಾನರಿಗೆ ನೌಕರಿಗೆ ಹೋಗಲು ಅಪ್ಪಣೆಯಾಯಿತು. ಅವತ್ತು ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೇ ಮನೆಯಿಂದ ಹೊರಟೆವು. ಅತ್ತೆ ಇಬ್ಬರಿಗೂ ಭಕ್ಕರಿ ಕಟ್ಟಿಕೊಟ್ಟಿದ್ದರು, ಯಜಮಾನರ ಗಂಟು ನನ್ನದರ ಎರಡರಷ್ಟಿತ್ತು. ನಾನು ಶಾಲೆಯ ರಸ್ತೆಗೆ ಹೊರಳಬೇಕಾದ ಮೂಲೆಯಲ್ಲಿ, "ನೀ ಹೋಗು, ಗಂಟೆ ಆಗತೈತಿ" ಎಂದು ಅವರು ಸ್ಟೇಶನ್ನಿನ ಕಡೆ ನಡೆದರು. ನಾನು ಹೋಗಲಿಲ್ಲ. ಜನ ಅವರನ್ನು ದಾಟಿಕೊಂಡು ಓಡುತ್ತಿದ್ದರು. ಅವರು ಸೇತುವೆಯ ಮೆಟ್ಟಿಲಿನ ಕಟಕಟೆ ಹಿಡಿದು ಒಂದೊಂದಾಗಿ ಹತ್ತಿದರು. ಅರ್ಧದಲ್ಲಿ ಒಮ್ಮೆ ನಿಂತರು, ಮತ್ತೆ ಹತ್ತಿದರು. ಮೇಲೆ ಹೋಗಿ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಪ್ಲ್ಯಾಟ್‌ಫಾರ್ಮಿನ ಕಡೆ ಇಳಿದರು. ಅವರ ಲೋಕಲ್ ಬಂದು ಹೋದ ಸದ್ದು ಕೇಳಿದ ಮೇಲೆ ನಾನು ತಿರುಗಿದೆ. ಅವತ್ತು ಶಾಲೆಗೆ ಹತ್ತು ನಿಮಿಷ ತಡವಾಯಿತು. ನನ್ನ ತರಗತಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಕ್ಕಳಿಂದ ಮಗ್ಗಿ ಹೇಳಿಸುತ್ತಿದ್ದರು. ನನ್ನನ್ನು ನೋಡಿ, ಹೇಳುತ್ತಿದ್ದ ಮಗ್ಗಿ ಮುಗಿಸಿ, ಖಡು ನನ್ನ ಕೈಗೆ ಕೊಟ್ಟು ಹೋದರು. ಯಾಕೆ ತಡ ಎಂದು ಕೇಳಲಿಲ್ಲ. ಖಾಲಿ ಉಳಿದಿದ್ದ ಆರನೆಯ ಅಂಕಿಗೆ ನನಗೆ ವಾಕ್ಯ ಸಿಕ್ಕಿತು.